ಅಂಕಿ ನಲವತ್ತಾರು

ಜೂನ್ 3

ಸಣ್ಣಿಗೆ ಅಕ್ಕನ ಆಶೀರ್ವಾದ.

ಫೋನು ಇರುವಾಗ ಇದೇನು ಕಾಗದ ಅಂತ ನಗಬೇಡ. ನಮ್ಮದು ಒಂದೇ ಕೋಣೆಯ ಮನೆ. ಫೋನಿನಲ್ಲಿ ಪಿಸುಗುಟ್ಟಿದರೂ ಮಗಳ, ಅದೇ ನಮ್ಮ ಜಡ್ಜಮ್ಮನ ಕಿವಿಗೆ ಬೀಳುತ್ತದೆ. ಆಮೇಲೆ ಅವಳು ಚಕ್ಕಳಮಕ್ಕಳ ಹಾಕಿ ಕೂತು ವಿಚಾರಣೆ ಶುರು ಮಾಡುತ್ತಾಳೆ. ಹೇಳಬೇಕಾದದ್ದು ಅವಳ ವಿಷಯವೇ ಆದ್ದರಿಂದ ಲಾಂಡ್ರಿಯಲ್ಲಿ ಊಟದ ಹೊತ್ತಿನಲ್ಲಿ, ಲಾಡ್ಜಿನ ಬೆಡ್‌ಶೀಟುಗಳ ರಾಶಿಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮಗುವಿಗೆ ಮೂರು ತಿಂಗಳಿಂದ ಹೊಟ್ಟೆನೋವು. ದಿನಕ್ಕೆ ಐದಾರು ಸಲ ಕಕ್ಕಸಿಗೆ ಓಡುತ್ತಾಳೆ. ಎರಡು ಸಲ ರಕ್ತದ ಎಳೆ ಕಂಡೆ. ಒಂಬತ್ತು ತುಂಬಿತು, ಹೋದ ವರ್ಷದ ಲಂಗ ಈ ವರ್ಷ ಸೊಂಟದಲ್ಲಿ ನಿಲ್ಲುತ್ತಿಲ್ಲ. ಮಕ್ಕಳ ಬಟ್ಟೆ ಗಿಡ್ಡವಾಗುವುದನ್ನು ನೋಡಿದ್ದೇನೆ, ದೊಡ್ಡದಾಗುವುದನ್ನು ನೋಡಿರಲಿಲ್ಲ. "ಅಮ್ಮಾ, ಒಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ ಆಗುತ್ತೆ" ಅನ್ನುತ್ತಾಳೆ. ನನ್ನ ಕೆಲಸ ನೋಡಿ ಕಲಿತ ಮಾತು.

ಇಲ್ಲಿನ ಮಕ್ಕಳ ಡಾಕ್ಟರು ಹುಳದ ಔಷಧಿ ಕೊಟ್ಟರು, ಟಾನಿಕ್ಕು ಕೊಟ್ಟರು. ಏನೂ ಆಗಲಿಲ್ಲ. ಈಗ ಮಲ ಪರೀಕ್ಷೆಗೆ ಚೀಟಿ ಬರೆದಿದ್ದಾರೆ. "ಕರುಳಿನ ಒಳಗೆ ಉರಿಯೂತ ಇದ್ಯೋ ಇಲ್ವೋ ಅದರಲ್ಲಿ ಗೊತ್ತಾಗುತ್ತಮ್ಮ. ಅಂಕಿ ಹೆಚ್ಚು ಬಂದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ, ಅಲ್ಲಿ ಕೊಳವೆ ಹಾಕಿ ನೋಡ್ತಾರೆ. ಕಡಿಮೆ ಬಂದ್ರೆ ಮಗೂಗೆ ಆ ಹಿಂಸೆ ಯಾಕೆ?" ಅಂದರು. ಈ ಊರಿನಲ್ಲಿ ಆ ಪರೀಕ್ಷೆ ಮಾಡುವುದಿಲ್ಲವಂತೆ. ಚೀಟಿಯ ಮೇಲೆ ಇರುವ ಲ್ಯಾಬಿನ ಹೆಸರು ನೋಡಿದರೆ ನೀನು ಕೆಲಸ ಮಾಡುವುದೇ! ಅಲ್ಲೇ ನಿಂತು ದೇವರಿಗೆ ಕೈ ಮುಗಿದೆ. ಹದಿನಾರು ವರ್ಷ ಬೇಡಿ ಪಡೆದ ಮಗು, ಅವನು ಕೈಬಿಡುವುದಿಲ್ಲ.

ಏನು ಮಾಡಬೇಕು, ಹೇಗೆ ಕಳಿಸಬೇಕು, ಬಿಡಿಸಿ ಬರಿ.

ನಿನ್ನ ಅಕ್ಕ

ಜೂನ್ 7

ಅಕ್ಕನಿಗೆ ನಮಸ್ಕಾರ.

ಹನ್ನೊಂದು ವರ್ಷದಿಂದ ಈ ಲ್ಯಾಬಿನ ಕಿಟಕಿಯ ಹಿಂದೆ ಕೂತು ಊರ ಜನರ ಮಲಮೂತ್ರ ಬರೆದುಕೊಳ್ಳುತ್ತಿದ್ದೇನೆ. ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ಕೆಲಸದ ವಿಷಯ ಕೇಳಿ ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದದ್ದು ನಿನಗೆ ನೆನಪಿರಬೇಕು. ಕೊನೆಗೂ ಈ ವಿದ್ಯೆ ಮನೆಯವರ ಉಪಯೋಗಕ್ಕೆ ಬಂತಲ್ಲ.

ಪರೀಕ್ಷೆ ಹೀಗೆ. ಕರುಳಿನ ಒಳಗೋಡೆ ಊದಿಕೊಂಡರೆ ರಕ್ತದ ಬಿಳಿ ಕಣಗಳು ಅಲ್ಲಿಗೆ ಓಡಿ ಬರುತ್ತವೆ. ಅವು ಒಂದು ಪ್ರೋಟೀನನ್ನು ಚೆಲ್ಲುತ್ತವೆ. ಕ್ಯಾಲ್‌ಪ್ರೊಟೆಕ್ಟಿನ್ ಅಂತ ಅದರ ಹೆಸರು. ಅದು ಮಲದಲ್ಲಿ ಹೊರಗೆ ಬರುತ್ತದೆ. ಐವತ್ತರ ಒಳಗಿದ್ದರೆ ಭಯವಿಲ್ಲ. ಇನ್ನೂರೈವತ್ತು ದಾಟಿದರೆ ಕೊಳವೆ ಹಾಕಿ ನೋಡಲೇಬೇಕು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಮಗುವಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಬಾಟಲಿ ಇದರ ಜೊತೆ ಕಳಿಸಿದ್ದೇನೆ. ಮುಚ್ಚಳದಲ್ಲೇ ಸಣ್ಣ ಚಮಚ ಇದೆ. ಬಟಾಣಿ ಕಾಳಿನಷ್ಟು ಸಾಕು. ನೀರು ಸೋಕಬಾರದು. ತೆಗೆದ ತಾರೀಕನ್ನು ಚೀಟಿಯ ಮೇಲೆ ನೀನೇ ಬರಿ. ಕೂಡಲೇ ಫ್ರಿಜ್ಜಿನಲ್ಲಿಡು, ಮಾರನೇ ದಿನವೇ ಬಸ್ ಸ್ಟ್ಯಾಂಡಿನ ಪಾರ್ಸಲ್ ಆಫೀಸಿಗೆ ಕೊಡು. ಏಳು ದಿನ ದಾಟಿದ ಬಾಟಲಿಯನ್ನು ನಾವು ತೆಗೆದುಕೊಳ್ಳುವುದಿಲ್ಲ, ಯಾರದ್ದಾದರೂ ಸರಿ.

ಜಡ್ಜಮ್ಮನಿಗೆ ಹೇಳು, ಚಿಕ್ಕಮ್ಮ ಡಬ್ಬಿ ಬಿಚ್ಚುವುದಿಲ್ಲ, ಮೇಲಿನ ಚೀಟಿ ಮಾತ್ರ ಓದುತ್ತಾಳೆ.

ಸಣ್ಣಿ

ಜೂನ್ 16

ಸಣ್ಣಿಗೆ ಆಶೀರ್ವಾದ.

ಕಳಿಸಿದೆ ಮಾರಾಯ್ತಿ. ಸುಲಭದ ಪರೀಕ್ಷೆ ಅಂತ ಬರೆದೆಯಲ್ಲ, ಒಂದು ಸಲ ಬಂದು ಮಾಡಿಸಿ ನೋಡು!

ಬಾಟಲಿ ನೋಡಿದ್ದೇ ತಡ, ಅವಳು ಎರಡು ದಿನ ಬಿಗಿಹಿಡಿದು ಕೂತಳು. ದಿನಕ್ಕೆ ಆರು ಸಲ ಓಡುವವಳು! "ನನ್ನದನ್ನ ಪಾರ್ಸಲ್ ಮಾಡ್ತೀಯಾ? ಬಸ್ಸಲ್ಲಿ? ಪಕ್ಕದಲ್ಲಿ ಜನ ಕೂತಿರಲ್ವಾ?" ಅಂದಳು. ನಿನ್ನ ಭಾವ ಪಂಕ್ಚರ್ ಅಂಗಡಿಯಿಂದ ಊಟಕ್ಕೆ ಬಂದವರು "ಅದಕ್ಕೆ ಟಿಕೆಟ್ ತಗೊಂಡು ಕಿಟಕಿ ಸೀಟು ಕೊಡಿಸ್ತೀನಿ ಬಿಡು" ಅಂದರು. ಅವಳು ನಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಅತ್ತಳು. ಕೊನೆಗೆ ಕರಾರು ಹಾಕಿದಳು. "ಇದೊಂದೇ ಸಲ. ಇನ್ನು ಯಾವತ್ತೂ ಕೇಳಲ್ಲ ಅಂತ ದೇವರ ಮುಂದೆ ಪ್ರಮಾಣ ಮಾಡು." ಮಾಡಿದೆ. ದೀಪದ ಮುಂದೆ ನಿಂತು, ಅವಳ ತಲೆ ಮುಟ್ಟಿ ಮಾಡಿದೆ. ಹನ್ನೊಂದನೇ ತಾರೀಕು ಬೆಳಿಗ್ಗೆ ಕೊಟ್ಟಳು.

ನಿನ್ನ ಭಾವನಿಗೆ ಅಂಗಡಿ ಬಿಟ್ಟು ಹೋಗಲು ಆಗಿದ್ದು ನಿನ್ನೆ. ನೀನು ಹೇಳಿದ ಹಾಗೆ ತಣ್ಣಗೆ ಫ್ರಿಜ್ಜಿನಲ್ಲೇ ಇಟ್ಟಿದ್ದೆ, ಯೋಚನೆ ಮಾಡಬೇಡ. ಪಾರ್ಸಲಿನವನು ನಾಳೆಯೇ ಸೇರುತ್ತದೆ ಅಂದನಂತೆ.

ಅಂಕಿ ಬಂದ ತಕ್ಷಣ ತಿಳಿಸು.

ಅಕ್ಕ

ಜೂನ್ 29

ಅಕ್ಕ,

ಬಾಟಲಿ ಬಂತು. ಪರೀಕ್ಷೆ ಆಯಿತು. ಅಂಕಿ ನಲವತ್ತಾರು. ಐವತ್ತರ ಒಳಗೆ. ರಿಪೋರ್ಟು ಇದರ ಜೊತೆ ಇದೆ, ಡಾಕ್ಟರಿಗೆ ತೋರಿಸು.

ಒಂದು ಮಾತು. ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ಕಳಿಸಿದರೆ ಒಳ್ಳೆಯದು. ವಿಶೇಷ ಏನಿಲ್ಲ, ಸುಮ್ಮನೆ. ಎರಡು ಸಲ ನೋಡಿದರೆ ಗಟ್ಟಿ ಅಷ್ಟೇ.

ಕಿಟಕಿಯಲ್ಲಿ ಜನ ನಿಂತಿದ್ದಾರೆ.

ಸಣ್ಣಿ

ಜುಲೈ 5

ನನ್ನ ಬಂಗಾರದ ತಂಗಿಗೆ,

ನಿನ್ನ ಕೈಗೆ ಸಕ್ಕರೆ ಹಾಕಬೇಕು. ಆ ಹಾಳೆಯನ್ನು ದೇವರ ಪಟದ ಮುಂದಿಟ್ಟು ಕೂತು ಅತ್ತುಬಿಟ್ಟೆ. ನಿನ್ನ ಭಾವ ಹೋಗಿ ಮಗುವಿಗೆ ಬಣ್ಣದ ಪೆನ್ಸಿಲ್ ಡಬ್ಬಿ ತಂದರು.

ಡಾಕ್ಟರು ರಿಪೋರ್ಟು ನೋಡಿ "ಕರುಳು ಚೆನ್ನಾಗಿದೆಯಮ್ಮ. ಇದು ಮನಸ್ಸಿನ ಹೊಟ್ಟೆನೋವು. ಸ್ಕೂಲಿಗೆ ಹೋಗೋಕೆ ಇಷ್ಟ ಇಲ್ಲದ ಮಕ್ಕಳಿಗೆ ಬರುತ್ತೆ. ಅವರು ಬೇಕು ಅಂತ ಸುಳ್ಳು ಹೇಳಲ್ಲ, ಆದ್ರೆ ನಾವು ಅದಕ್ಕೆ ಸೊಪ್ಪು ಹಾಕಬಾರದು" ಅಂದರು. ಆ ರಕ್ತದ ಎಳೆ ಮಲ ಗಟ್ಟಿಯಾಗಿ ಗೀರಿದ್ದಿರಬೇಕು ಅಂದರು. ಮಲ ಗಟ್ಟಿಯಾಗಿರಲಿಲ್ಲ ಅಂತ ಬಾಯಿಗೆ ಬಂತು. ದೊಡ್ಡವರ ಎದುರು ಯಾಕೆ ಅಂತ ನುಂಗಿಕೊಂಡೆ.

ಇನ್ನೊಂದು ಸಲ ಕಳಿಸು ಅಂತ ಬರೆದಿದ್ದೀಯ. ಯಾಕೆ? ಪ್ರಮಾಣ ಮಾಡಿದ್ದೇನೆ. ಅಲ್ಲದೆ, ಕೇಳಿದೆ, ದೇವರು ಉತ್ತರ ಕೊಟ್ಟ. ಕೊಟ್ಟ ಮೇಲೆ ಮತ್ತೆ ಹೋಗಿ ಹೌದಾ ನಿಜವಾ ಅಂತ ಕೇಳಿದರೆ ಅವನನ್ನು ನಂಬಲಿಲ್ಲ ಅಂತಾಗುತ್ತದೆ.

ಅಕ್ಕ

ಜುಲೈ 19

ಅಕ್ಕ,

ದೇವರ ವಿಷಯ ಹಾಗಿರಲಿ, ಇದು ಯಂತ್ರದ ವಿಷಯ. ಯಂತ್ರ ಒಂದೊಂದು ಸಲ ಹೆಚ್ಚು ಕಡಿಮೆ ತೋರಿಸುತ್ತದೆ. ಪ್ರಮಾಣದ ಪಾಪ ನನಗಿರಲಿ, ನಾನೇ ಕಟ್ಟಿಕೊಳ್ಳುತ್ತೇನೆ. ಬಾಟಲಿ ಕಳಿಸಿದ್ದೇನೆ, ಜೊತೆಗೆ ಐಸ್ ಇಡುವ ಡಬ್ಬಿಯೂ ಇದೆ. ಮಗುವನ್ನು ಹೇಗಾದರೂ ಪುಸಲಾಯಿಸು.

ತೂಕ ಎಷ್ಟಿದೆ? ಬರಿ.

ಸಣ್ಣಿ

ಆಗಸ್ಟ್ 28

ಸಣ್ಣಿಗೆ,

ತಡವಾಯಿತು. ಲಾಡ್ಜಿನಲ್ಲಿ ಮದುವೆ ದಿಬ್ಬಣಗಳು, ಮೂರು ಜನ ಒಗೆಯುವ ಬಟ್ಟೆ ಒಬ್ಬಳೇ ಒಗೆಯುತ್ತಿದ್ದೇನೆ. ಆದರೆ ತಡವಾದದ್ದಕ್ಕೆ ಅದು ಕಾರಣವಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು.

ನೇರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮಕ್ಕಳನ್ನು ಸಾಕಿದವರಿಗೆ ಗೊತ್ತಾಗುತ್ತದೆ, ಮಗು ಅತ್ತಾಗೆಲ್ಲ ಓಡಿದರೆ ಮಗು ಅಳುವುದನ್ನೇ ಕಲಿಯುತ್ತದೆ. ನೀನು ದೂರದಲ್ಲಿ ಕೂತು ಬಾಟಲಿ ಬಾಟಲಿ ಅಂದರೆ ಅವಳ ಕೈಗೆ ಕೋಲು ಕೊಟ್ಟ ಹಾಗಾಗುತ್ತದೆ. ನೀನು ಕಳಿಸಿದ ಬಾಟಲಿಯನ್ನು ನಾನು ಬಿಚ್ಚಲಿಲ್ಲ.

ಈಗ ಗಟ್ಟಿಯಾಗಿದ್ದೇನೆ. ಹೊಟ್ಟೆನೋವು ಅಂದರೆ "ರಿಪೋರ್ಟಲ್ಲಿ ಏನಿದೆ?" ಅಂತ ಕೇಳುತ್ತೇನೆ. "ನಲವತ್ತಾರು" ಅನ್ನುತ್ತಾಳೆ. "ಹಾಗಂದ್ರೆ?" "ಏನೂ ಇಲ್ಲ ಅಂತ." "ಮತ್ತೆ ಎದ್ದು ಬ್ಯಾಗ್ ಹಾಕ್ಕೋ" ಅನ್ನುತ್ತೇನೆ. ಎದ್ದು ಹೋಗುತ್ತಾಳೆ. ತಟ್ಟೆಯಲ್ಲಿ ಬಿಟ್ಟರೆ ಪಕ್ಕದಲ್ಲೇ ಕೂತು ತಿನ್ನಿಸುತ್ತೇನೆ. ವಾಂತಿ ಮಾಡಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡುತ್ತೇನೆ.

ಹೋದ ವಾರ ಸ್ಕೂಲಿನಿಂದ ಬಟ್ಟೆ ಗಲೀಜು ಮಾಡಿಕೊಂಡು ಬಂದಳು. ಒಂಬತ್ತು ವರ್ಷದವಳು! ಹೊಡೆದೆ, ಸಣ್ಣಿ. ಎರಡೇಟು. "ನಂಗೆ ನಿಜವಾಗ್ಲೂ ನೋವಾಗುತ್ತಮ್ಮ, ನಾನೇನು ಮಾಡ್ಲಿ" ಅಂದಳು. "ನಿನ್ನ ಚಿಕ್ಕಮ್ಮನ ಲ್ಯಾಬು ಸುಳ್ಳು ಹೇಳುತ್ತಾ ಹಾಗಾದ್ರೆ?" ಅಂದೆ. ಅವತ್ತಿಂದ ಅವಳ ವಿಚಾರಣೆ, ತೀರ್ಪು ಎಲ್ಲ ನಿಂತಿದೆ. ಹೊಟ್ಟೆನೋವು ಅನ್ನುವುದೂ ಕಡಿಮೆಯಾಗಿದೆ. ಡಾಕ್ಟರು ಹೇಳಿದ್ದು ಸರಿ ಅನ್ನಿಸುತ್ತದೆ.

ತೂಕ ಕೇಳಿದ್ದೆಯಲ್ಲ. ಹತ್ತೊಂಬತ್ತು ಕಿಲೋ. ಚಿಕ್ಕಂದಿನಲ್ಲಿ ನೀನೂ ಕಡ್ಡಿಯೇ.

ಅಕ್ಕ

ಸೆಪ್ಟೆಂಬರ್ 3

ಅಕ್ಕ,

ನೀನು ಅಂದದ್ದಕ್ಕೆ ಬೇಜಾರಿಲ್ಲ. ಮಕ್ಕಳಿಲ್ಲದವಳು ಅನ್ನು, ಇನ್ನೇನಾದರೂ ಅನ್ನು. ಆದರೆ ಹತ್ತೊಂಬತ್ತು ಕಿಲೋ ಅಂದರೆ ಕಡಿಮೆ. ಹೊಡೆಯಬೇಡ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ, ಹೊಡೆಯಬೇಡ. ಆ ಅಂಕಿಯನ್ನು ಅಷ್ಟು ನೆಚ್ಚಬೇಡ. ಬೇರೆ ಡಾಕ್ಟರಿಗೆ ತೋರಿಸು. ರಿಪೋರ್ಟು ತೋರಿಸದೆ ತೋರಿಸು.

ನಾನು ರಜೆ ಹಾಕಿ ಬರಲೇ? ಬಂದರೆ ಎದುರಿಗೆ ಕೂತು ಒಂದು ವಿಷಯ ಹೇಳುವುದಿತ್ತು. ಬರೆಯಲು ಬರುವುದಿಲ್ಲ.

ಸಣ್ಣಿ

ಸೆಪ್ಟೆಂಬರ್ 12

ಸಣ್ಣಿ,

ಈಗ ಬರಬೇಡ. ನೀನು ಬಂದರೆ ಅವಳು ಮತ್ತೆ ಹಾಸಿಗೆ ಹಿಡಿಯುತ್ತಾಳೆ. ಹೇಳುವ ವಿಷಯ ಏನು ಅಂತ ನನಗೆ ಗೊತ್ತು. ನಿನ್ನ ಲ್ಯಾಬಿನ ಆ ಹೆಂಡತಿ ಸತ್ತ ಟೆಕ್ನಿಷಿಯನ್ನು ತಾನೆ? ಬರೆಯಲು ನಾಚಿಕೆ ಯಾಕೆ, ನಲವತ್ನಾಲ್ಕರಲ್ಲೂ ಮದುವೆ ಆಗಬಹುದು. ದೇವರು ಒಳ್ಳೆಯದು ಮಾಡಲಿ.

ಅಕ್ಕ

ನವೆಂಬರ್ 4

ಸಣ್ಣಿಗೆ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ನಿನ್ನ ಭಾವ ಫೋನಿನಲ್ಲಿ ಆಪರೇಷನ್ ಆಗಿದೆ ಅಂತ ಮಾತ್ರ ಹೇಳಿದರಂತೆ. ಉಳಿದದ್ದು ನಾನು ಬರೆಯುತ್ತೇನೆ.

ಹೋದ ತಿಂಗಳು ಇಪ್ಪತ್ತಾರನೇ ತಾರೀಕು ಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಳು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಇಲ್ಲಿಗೆ ತಂದೆವು. ಕರುಳು ತೂತಾಗಿತ್ತು. ಒಂದು ಕಡೆ ತೂತು, ಮೂರು ಕಡೆ ದಾರ ಕಟ್ಟಿದ ಹಾಗೆ ಸಣ್ಣಗಾಗಿತ್ತಂತೆ. ಒಂದು ಮೊಳಕ್ಕಿಂತ ಹೆಚ್ಚು ಕತ್ತರಿಸಿ ತೆಗೆದರು. ಉಳಿದ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಚೀಲ ಅಂಟಿಸಿದ್ದಾರೆ. ಚೀಲ ನಾನೇ ಬದಲಿಸುತ್ತೇನೆ. ಅವಳು ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಾಳೆ.

ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದು "ಇಷ್ಟು ದಿನ ಯಾಕೆ ಬಿಟ್ರಿ?" ಅಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಾನು ನನ್ನ ಕೈಚೀಲದಿಂದ ನಿನ್ನ ರಿಪೋರ್ಟು ತೆಗೆದು ತೋರಿಸಿದೆ. ಎರಡು ಸಲ ಓದಿದರು. "ಇದು ಈ ಮಗೂದೇನಾ?" ಅಂದರು. ಹೌದು ಅಂದೆ. ಇಲ್ಲೂ ಒಂದು ಸಲ ಅದೇ ಪರೀಕ್ಷೆ ಮಾಡಿಸಿದ್ದರಂತೆ. ಎರಡು ಸಾವಿರದ ನೂರು.

ನೀನು ಅದರಲ್ಲೇ ಇರುವವಳು, ಅದಕ್ಕೆ ಕೇಳುತ್ತೇನೆ. ನಾಲ್ಕು ತಿಂಗಳಲ್ಲಿ ನಲವತ್ತಾರು ಇದ್ದದ್ದು ಎರಡು ಸಾವಿರ ಆಗುತ್ತದೆಯೇ? ಡಾಕ್ಟರು ಸರಿಯಾಗಿ ಹೇಳಲಿಲ್ಲ. ನಿನಗೆ ಗೊತ್ತಿದ್ದರೆ ಬರಿ.

ಅಕ್ಕ

ನವೆಂಬರ್ 10

ಅಕ್ಕ,

ಗೊತ್ತು.

ನಿನ್ನ ಬಾಟಲಿ ನನ್ನ ಕಿಟಕಿಗೆ ಬಂದದ್ದು ಜೂನ್ ಇಪ್ಪತ್ತೈದಕ್ಕೆ. ಬಸ್ಸಿನವರು ಮುಷ್ಕರ ಮಾಡಿದ್ದರು, ಪಾರ್ಸಲ್ಲುಗಳೆಲ್ಲ ದಾರಿಯ ಡಿಪೋದ ತಗಡಿನ ಶೆಡ್ಡಿನಲ್ಲಿ ಬಿದ್ದಿದ್ದವು. ಚೀಟಿಯ ಮೇಲೆ ನಿನ್ನ ಗುಂಡು ಅಕ್ಷರದಲ್ಲಿ 11 ಅಂತಿತ್ತು. ಹದಿನಾಲ್ಕು ದಿನ. ವಾಪಸು ಹಾಕಬೇಕಿತ್ತು. ಅದೇ ದಿನ ಇಬ್ಬರು ತಾಯಂದಿರ ಬಾಟಲಿ ವಾಪಸು ಹಾಕಿದ್ದೆ, ಒಬ್ಬಳು ಕಿಟಕಿಯ ಮುಂದೆ ಅತ್ತಳು, ನಾನು "ನಿಯಮ ಅಂದ್ರೆ ನಿಯಮ ರೀ" ಅಂದೆ.

ನಿನ್ನದು ಬಂದಾಗ ಮಗು ಎರಡು ದಿನ ಬಿಗಿಹಿಡಿದು ಅತ್ತದ್ದು, ನೀನು ಪ್ರಮಾಣ ಮಾಡಿದ್ದು ನೆನಪಾಯಿತು. ಮತ್ತೆ ಕಳಿಸು ಅಂತ ಯಾವ ಬಾಯಲ್ಲಿ ಹೇಳಲಿ ಅನ್ನಿಸಿತು. ಪೆನ್ನು ತೆಗೆದು ಮೊದಲನೇ ಒಂದನ್ನು ಎರಡು ಮಾಡಿದೆ. 21 ಆಯಿತು. ನಾಲ್ಕು ದಿನದ ಬಾಟಲಿ ಅಂತ ಒಳಗೆ ಹೋಯಿತು.

ಹಳೆಯದಾದರೆ, ಅದರಲ್ಲೂ ಸೆಕೆಯಲ್ಲಿ ಬಿದ್ದಿದ್ದರೆ, ಆ ಪ್ರೋಟೀನು ಒಡೆದು ಅಂಕಿ ಇಳಿಯುತ್ತದೆ ಅಂತ ಗೊತ್ತಿರಲಿಲ್ಲ ಅಂತ ಬರೆಯಬಹುದಿತ್ತು. ಗೊತ್ತಿತ್ತು. ನನ್ನ ತಲೆಯ ಮೇಲಿನ ಗೋಡೆಗೇ ಅಂಟಿಸಿದ್ದಾರೆ. ಹೇಗೂ ಫ್ರಿಜ್ಜಿನಲ್ಲಿಟ್ಟು ಕಳಿಸಿದ್ದಾಳೆ, ಕಾಯಿಲೆ ಇದ್ದರೆ ಸ್ವಲ್ಪ ಇಳಿದರೂ ಹೆಚ್ಚೇ ತೋರಿಸುತ್ತದೆ, ಅಂದುಕೊಂಡೆ. ನಲವತ್ತಾರು ಬಂದಾಗ ಮೊದಲು ನೆಮ್ಮದಿಯಾಯಿತು. ಆ ಸಂಜೆ ಮನೆಗೆ ಹೋಗುವಾಗ ಹದಿನಾಲ್ಕು ದಿನ ಅನ್ನುವುದು ಮತ್ತೆ ನೆನಪಾಯಿತು. ಆಗಲೇ ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಅಷ್ಟೇ. ಇನ್ನೊಂದು ಸಲ ಕಳಿಸು ಅಂತ ಎರಡು ಸಲ ಸುತ್ತಿ ಬಳಸಿ ಬರೆದೆ, ಯಾಕೆ ಅಂತ ಒಂದು ಸಲ ಬರೆಯಲಿಲ್ಲ.

ಟೆಕ್ನಿಷಿಯನ್ನು ಅಲ್ಲ ಅಕ್ಕ, ಇದು ಹೇಳುವುದಿತ್ತು.

ಮೇಲಿನವರಿಗೂ ಇವತ್ತು ಬರೆದುಕೊಟ್ಟಿದ್ದೇನೆ. ನಾಳೆಯಿಂದ ಬರಬೇಡ ಅಂದರು. ನೀನು ಬಾ ಅಂದರೆ ಬರುತ್ತೇನೆ. ಬೇಡ ಅಂದರೆ ಬರುವುದಿಲ್ಲ.

ಸಣ್ಣಿ

ಡಿಸೆಂಬರ್ 17

ಸಣ್ಣಿ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ಓದಿದ ದಿನ ಆಸ್ಪತ್ರೆಯ ಹಿಂದೆ ಬಟ್ಟೆ ಒಣಗಿಸುವ ಕಡೆ ನಿಂತು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಅಲ್ಲಿದ್ದ ಹೆಂಗಸರು ಗಂಡನಿಗೆ ಬೈಯುತ್ತಿದ್ದೇನೆ ಅಂದುಕೊಂಡು ತಾವೂ ಸೇರಿಕೊಂಡರು.

ಆಮೇಲೆ ನನ್ನದು ನೆನಪಾಯಿತು. ಆ ಬಾಟಲಿಯನ್ನು ನಾನು ಫ್ರಿಜ್ಜಿನಲ್ಲಿ ಇಟ್ಟಿರಲೇ ಇಲ್ಲ. ದೇವರ ಹೂವು, ದೇವರ ಹಾಲು ಇಡುವ ಜಾಗದಲ್ಲಿ ಅದನ್ನು ಇಡಲು ಕೈ ಬರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಬಚ್ಚಲಿನ ಕಿಟಕಿಯಲ್ಲಿಟ್ಟೆ, ನಾಲ್ಕು ದಿನ. ಬಟ್ಟೆ ಒಣಗಿದಾಗೆಲ್ಲ ನೀರು ಚಿಮುಕಿಸಿದೆ, ಅದೂ ತಣ್ಣಗೇ ಅಲ್ಲವೇ ಅಂದುಕೊಂಡು. ನಿನಗೆ ಫ್ರಿಜ್ಜು ಅಂತ ಬರೆದೆ. ನಿನ್ನ ಸುಳ್ಳು ಒಂದು ಅಂಕಿಯದ್ದು, ನನ್ನದು ಒಂದು ಮಾತಿನದ್ದು. ಯಾರದ್ದು ಹೆಚ್ಚು ಅಂತ ತೂಗುತ್ತಾ ಕೂರಲು ನನಗೆ ಶಕ್ತಿಯಿಲ್ಲ. ಹೊಡೆದವಳು ಮಾತ್ರ ನಾನೇ.

ಇನ್ನೂ ಎರಡು ಸಲ ಕೊಯ್ದರು. ಹೊಲಿಗೆ ನಿಲ್ಲುತ್ತಿಲ್ಲ. ಮೈಯಲ್ಲಿ ಮಾಂಸವಿಲ್ಲದಿದ್ದರೆ ಹೊಲಿಗೆ ಕೂಡುವುದಿಲ್ಲವಂತೆ. ಬಾಯಿಗೆ ಏನೂ ಇಲ್ಲ, ಕತ್ತಿನ ಹತ್ತಿರದ ನರಕ್ಕೆ ಕೊಳವೆ ಹಾಕಿ ಬಿಳಿ ನೀರು ಬಿಡುತ್ತಾರೆ, ಅದೇ ಊಟ. ಹದಿನಾರು ಕಿಲೋ. ಜ್ವರ ಬಿಡುತ್ತಿಲ್ಲ, ಒಳಗೆ ಎಲ್ಲೋ ಕೀವು ಕಟ್ಟಿದೆ ಅನ್ನುತ್ತಾರೆ. "ಇನ್ನು ತೆಗೆಯೋಕೆ ಹೆಚ್ಚು ಕರುಳು ಉಳಿದಿಲ್ಲಮ್ಮ" ಅಂತ ಡಾಕ್ಟರು ನಿನ್ನ ಭಾವನಿಗೆ ಹೇಳದೆ ನನಗೆ ಹೇಳಿದರು. ನಾನು ತಲೆ ಆಡಿಸಿದೆ, ಬೆಡ್‌ಶೀಟು ಎಷ್ಟು ಅಂತ ಲೆಕ್ಕ ಒಪ್ಪಿಸುವಾಗ ಆಡಿಸುವ ಹಾಗೆ.

ದೇವರಿಗೆ ಕೈ ಮುಗಿಯುತ್ತೇನೆ. ಬಿಟ್ಟಿಲ್ಲ. ಆದರೆ ಏನೂ ಕೇಳುವುದಿಲ್ಲ. ಮಗು ಬಾಯಿಬಿಟ್ಟು ಹೇಳುತ್ತಿತ್ತು, ನಾನು ಕಾಗದವನ್ನು ದೇವರ ಮಾತು ಅಂದುಕೊಂಡೆ. ಇನ್ನು ಅವನು ಏನು ಹೇಳಿದರೂ ನನಗೆ ಅರ್ಥವಾಗುತ್ತದೆ ಅನ್ನುವ ಧೈರ್ಯ ಇಲ್ಲ.

ಮೊನ್ನೆ ಅವಳಿಗೆ ಹೇಳಿದೆ. "ಆ ನಲವತ್ತಾರು ತಪ್ಪು ಮಗಳೇ. ನೀನು ಹೇಳಿದ್ದೇ ನಿಜ. ನಿಂಗೆ ಆಗಲೂ ನೋವಿತ್ತು" ಅಂದೆ. ಅವಳು ಸ್ವಲ್ಪ ಹೊತ್ತು ಕೊಳವೆಯಲ್ಲಿ ಹನಿ ಬೀಳುವುದನ್ನು ನೋಡಿದಳು. "ಹೂಂ" ಅಂದಳು. ಅಷ್ಟೇ. ಯಾರು ತಪ್ಪು ಮಾಡಿದ್ದು ಅಂತ ಕೇಳಲಿಲ್ಲ. ಮೊದಲಾಗಿದ್ದರೆ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದಳು.

ನೀನು ಬರಬೇಡ ಅನ್ನುವುದಿಲ್ಲ, ಬಾ ಅನ್ನಲೂ ಆಗುತ್ತಿಲ್ಲ. ನಿನಗೆ ತೋಚಿದ ಹಾಗೆ ಮಾಡು.

ಈಗಿನ ಕಷ್ಟ ಬೇರೆ. ಕೀವು ಎಲ್ಲಿದೆ ಅಂತ ಹುಡುಕಲು ಡಾಕ್ಟರು ದಿನಾ ಹೊಟ್ಟೆ ಒತ್ತಿ ನೋಡುತ್ತಾರೆ. ಎಲ್ಲಿ ನೋವು ಅಂತ ಅವಳು ಹೇಳಿದರೆ ಅವರಿಗೆ ಅನುಕೂಲವಂತೆ. "ಹೇಳು ಪುಟ್ಟಾ, ನೀನು ಹೇಳಿದ್ರೆ ತಾನೆ ನಮಗೆ ಗೊತ್ತಾಗೋದು?" ಅಂತ ನರ್ಸಮ್ಮ ದಿನಾ ಗೋಗರೆಯುತ್ತಾಳೆ. ಇವತ್ತು ಬೆಳಿಗ್ಗೆಯೂ ಒತ್ತಿದರು. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ "ಇಲ್ಲ ಸಾರ್, ಏನೂ ನೋವಿಲ್ಲ" ಅಂದಳು. ಹಾಸಿಗೆಯ ಅಂಚು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

ಅಕ್ಕ